ಪೂರ್ವ ಗ್ಯಾಲರಿಗೆ ನೀರು ಹೊಡೆದವಳು

‘ನಾನು ಕಟ್ಟಿಸಿದ ಕ್ರೀಡಾಂಗಣ’ ಎಂದು ನೆಂಟರ ಮುಂದೆ ಹೇಳಿಕೊಳ್ಳುವ ಚಟ ನನಗೆ ಬಹಳ ಕಾಲ ಇತ್ತು. ನಿಜ ಹೇಳಬೇಕೆಂದರೆ ಅಲ್ಲಿ ನಾನು ಹದಿನೈದು ದಿನಕ್ಕೊಮ್ಮೆ ಪ್ರಗತಿ ವರದಿ ಬರೆಯುತ್ತಿದ್ದೆ, ಅಷ್ಟೆ. ಹೈದರಾಬಾದಿನ ಪಶ್ಚಿಮದ ಬಂಡೆಗಳನ್ನು ಸಿಡಿಸಿ ಒಂದು ಕಡೆ ಸಾಫ್ಟ್‌ವೇರ್ ಕಂಪನಿಗಳ ಗಾಜಿನ ಕಟ್ಟಡಗಳು, ಇನ್ನೊಂದು ಕಡೆ ರಾಷ್ಟ್ರಮಟ್ಟದ ಕೂಟಗಳಿಗೆಂದು ನಮ್ಮ ಕ್ರೀಡಾಂಗಣ ಏಳುತ್ತಿದ್ದ ಕಾಲ. ನಾನು ಕೇಂದ್ರ ಸರ್ಕಾರದ ಒಂದು ನಿರ್ಮಾಣ ಸಂಸ್ಥೆಯಲ್ಲಿ ಕಿರಿಯ ಎಂಜಿನಿಯರ್. ತಾರ್ನಾಕದ ಬಾಡಿಗೆ ಮನೆಯಿಂದ ಎರಡು ಬಸ್ಸು ಬದಲಿಸಿ ತಲುಪುವಷ್ಟರಲ್ಲಿ ಅಂಗಿಯ ಇಸ್ತ್ರಿಯೆಲ್ಲ ಹೋಗಿರುತ್ತಿತ್ತು. ಕೂಲಿಯವನೆಂದು ಯಾರೂ ತಿಳಿಯಬಾರದೆಂದು ಜೇಬಿನಲ್ಲಿ ಎರಡು ಪೆನ್ನು ಇಟ್ಟುಕೊಳ್ಳುತ್ತಿದ್ದೆ.

ಅನುದಾನ ದೆಹಲಿಯಿಂದ ಕಂತುಗಳಲ್ಲಿ ಬರುತ್ತಿತ್ತು. ಹಿಂದಿನ ಕಂತಿನ ಕೆಲಸ ಮುಗಿದಿದೆ ಎಂದು ವರದಿಯೂ ಫೋಟೋಗಳೂ ಹೋದ ಮೇಲೆಯೇ ಮುಂದಿನ ಕಂತು. ಮುಂದಿನ ಕಂತು ಬಾರದೆ ಹಿಂದಿನ ಕೆಲಸ ಮುಗಿಯುತ್ತಿರಲಿಲ್ಲ. ಹೀಗಾಗಿ ಮುಗಿಯುವ ಮೊದಲೇ ಮುಗಿದಿದೆ ಎಂದು ಬರೆಯುವುದು ನಮ್ಮ ಕಚೇರಿಯ ರೂಢಿಯಾಗಿತ್ತು. ಅದನ್ನು ಯಾರೂ ಸುಳ್ಳು ಎನ್ನುತ್ತಿರಲಿಲ್ಲ, ಮುಂಗಡ ವರದಿ ಎನ್ನುತ್ತಿದ್ದರು. ನಾನು ಬೇಗ ಪಳಗಿದೆ. ಫೋಟೋ ತೆಗೆಯುವಾಗ ಕೂಲಿಯವರನ್ನು ಚೌಕಟ್ಟಿನಿಂದ ಆಚೆ ಸರಿಸುತ್ತಿದ್ದೆ. ಮುಗಿದ ಕಟ್ಟಡದಲ್ಲಿ ಕೂಲಿಯವರಿಗೇನು ಕೆಲಸ? ರೀಲು ತುಂಬಿದ ಮೇಲೆ ಅಬಿಡ್ಸ್‌ನ ಸ್ಟುಡಿಯೋದಲ್ಲಿ ತೊಳೆಸಿ, ಪ್ರತಿ ಫೋಟೋದ ಬೆನ್ನಿಗೂ ಷರಾ ಬರೆಯುತ್ತಿದ್ದೆ.

ಪೂರ್ವ ಗ್ಯಾಲರಿಯ ಕಾಂಕ್ರೀಟ್ ಮೆಟ್ಟಿಲುಗಳಿಗೆ ನೀರು ಹೊಡೆಯುತ್ತಿದ್ದವಳು ಯಾದಗಿರಿ ಕಡೆಯ ಹೆಂಗಸು. ಹಸಿ ಕಾಂಕ್ರೀಟ್ ಒಣಗಿ ಬಿರುಕು ಬಿಡದಂತೆ ಗೋಣಿಚೀಲ ಹೊದಿಸಿ ಬೆಳಗಿನಿಂದ ಸಂಜೆವರೆಗೆ ತೋಯಿಸುತ್ತಿರಬೇಕು. ಗಂಡ ಅಲ್ಲೇ ಕಂಬಿ ಕಟ್ಟುತ್ತಿದ್ದ. ನಾನು ಹುಬ್ಬಳ್ಳಿಯವನೆಂದು ತಿಳಿದ ಮೇಲೆ ಕಂಡಾಗಲೆಲ್ಲ ಪೈಪು ಪಕ್ಕಕ್ಕಿಟ್ಟು ನಾಲ್ಕು ಮಾತಾಡುತ್ತಿದ್ದಳು. ಮೇಸ್ತ್ರಿಯ ಹತ್ತಿರ ತೆಲುಗು, ವಾಚ್‌ಮನ್ ಹತ್ತಿರ ಹಿಂದಿ ಆಡಿ ಆಡಿ ನಾಲಿಗೆ ದಣಿದಿದೆ ಎಂದು ನಗುತ್ತಿದ್ದಳು. ಆ ಮಾತು ಕೇಳುವುದು ನನಗೂ ಇಷ್ಟವಾಗಿತ್ತು. ಆದರೂ ಕ್ಯಾಮೆರಾ ಕೈಗೆ ಬಂದೊಡನೆ, ಸ್ವಲ್ಪ ಆಕಡೆ ಸರಿ ಎನ್ನುತ್ತಿದ್ದೆ. ಅವಳು ಪೈಪಿನ ಸಮೇತ ಕಂಬದ ಹಿಂದೆ ಹೋಗುತ್ತಿದ್ದಳು.

ಕೆಲಸ ಕೊನೆಗೆ ಬರುತ್ತಿದ್ದಾಗ ಒಂದು ಸುತ್ತೋಲೆ ಬಂತು. ಪಾಯದಿಂದ ಉದ್ಘಾಟನೆಯವರೆಗೆ ಎಡೆಬಿಡದೆ ಇಲ್ಲಿ ದುಡಿದ ಕೆಲವರನ್ನು ಕ್ರೀಡಾಂಗಣದ ನಿರ್ವಹಣೆಗೆ ಉಳಿಸಿಕೊಳ್ಳುತ್ತಾರೆ. ಹುಲ್ಲಿಗೆ ನೀರು, ಗ್ಯಾಲರಿಯ ಕಸ. ಕಾಂಪೌಂಡಿನ ಹಿಂದೆ ಇರಲು ಒಂದು ಕೋಣೆ. ಅವಳಿಗೆ ಬೇಕಾಗಿದ್ದದ್ದು ಆ ಕೋಣೆ.

“ವರ್ಷಕ್ಕ ಮೂರು ಸಲ ಒಲಿ ಹೂಡೂದು ಸಾಕಾಗೇತ್ರಿ ಸಾಹೇಬ್ರ,” ಎಂದಳು. “ಇಲ್ಲೇ ಒಂದು ಕಡೆ ಬೀಳತೀವಿ.”

ಪಟ್ಟಿ ತಯಾರಿಸುವ ಕೆಲಸ ನನಗೇ ಬಂತು. ಹಾಜರಿ ಪುಸ್ತಕ ತೆಗೆದು ನೋಡಿದರೆ ಕೊನೆಯ ನಾಲ್ಕು ತಿಂಗಳು ಅವಳ ಹೆಸರಿರಲಿಲ್ಲ. ಕಾರಣ ಹುಡುಕಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಮಾರ್ಚಿನಲ್ಲಿ ಕಂತು ತಪ್ಪಿಹೋಗದಿರಲೆಂದು ಪೂರ್ವ ಗ್ಯಾಲರಿ ಪೂರ್ಣಗೊಂಡಿದೆ ಎಂದು ನಾನು ಬರೆದಿದ್ದೆ. ಪೂರ್ಣಗೊಂಡ ಜಾಗದಲ್ಲಿ ಕೂಲಿ ತೋರಿಸುವಂತಿಲ್ಲವೆಂದು ಗುತ್ತಿಗೆದಾರ ಅಲ್ಲಿನ ಕೂಲಿಯವರ ಹೆಸರುಗಳನ್ನೆಲ್ಲ ಪಟಾನ್‌ಚೆರುವಿನಲ್ಲಿದ್ದ ತನ್ನ ಬೇರೊಂದು ಕೆಲಸಕ್ಕೆ ಬರೆದುಕೊಂಡಿದ್ದ. ನಾಲ್ಕು ತಿಂಗಳು ಅವಳು ನನ್ನ ಕಣ್ಣೆದುರೇ ನೀರು ಹೊಡೆದಿದ್ದಳು. ಕಾಗದದ ಮೇಲೆ ಮಾತ್ರ ಪಟಾನ್‌ಚೆರುವಿನಲ್ಲಿದ್ದಳು. ಆ ಕಡೆಯ ಬಸ್ಸನ್ನೂ ಹತ್ತಿದವಳಲ್ಲ.

ಹೆಸರಿಲ್ಲ ಎಂದು ಹೇಳಿದಾಗ ಅವಳು ಜಗಳವಾಡಲಿಲ್ಲ. ನಾನು ಅಷ್ಟೊಂದು ಪಟ ತೆಗೆದಿದ್ದೇನಲ್ಲ, ಯಾವುದರಲ್ಲಾದರೂ ತಾನು ಇದ್ದೇ ಇರಬೇಕು ಎಂದಳು. ನಾನು ನಾಲ್ಕು ತಿಂಗಳ ಫೋಟೋಗಳನ್ನು ಮೇಜಿನ ಮೇಲೆ ಹರಡಿದೆ. ಇಬ್ಬರೂ ಬಗ್ಗಿ ನೋಡಿದೆವು. ಖಾಲಿ ಮೆಟ್ಟಿಲು, ಖಾಲಿ ಕಂಬ. ನನ್ನ ಕೆಲಸ ಅಷ್ಟು ಅಚ್ಚುಕಟ್ಟು. ಕೊನೆಗೆ ಒಂದರ ಮೇಲೆ ಅವಳು ಬೆರಳಿಟ್ಟಳು.

“ಇಲ್ಲಿ ಮೆಟ್ಟಲ ತೊಯ್ದಾವ ನೋಡ್ರಿ. ಈ ನೀರು ನಾನ ಹೊಡದೀನಿ. ನೀವು ಸರಿ ಅಂದ್ರಿ, ಸರದು ನಿಂತೆ.”

ಆ ಫೋಟೋದ ಬೆನ್ನ ಮೇಲೆ ‘ಪೂರ್ಣ’ ಎಂದು ನನ್ನದೇ ಅಕ್ಷರ. ಅವಳು ಕೊನೆಯ ದಿನದವರೆಗೂ ಇಲ್ಲೇ ದುಡಿದದ್ದನ್ನು ನಾನು ಕಂಡಿದ್ದೇನೆ ಎಂದು ಒಂದು ಸಾಲು ಬರೆದು ಸಹಿ ಹಾಕಿದ್ದರೆ ಸಾಕಾಗುತ್ತಿತ್ತು. ಆಗ ದೆಹಲಿಯವರು, ಮುಗಿದ ಗ್ಯಾಲರಿಗೆ ನಾಲ್ಕು ತಿಂಗಳು ನೀರೇಕೆ ಎಂದು ಕೇಳುತ್ತಿದ್ದರು. ಆ ವರ್ಷ ನನ್ನ ಬಡ್ತಿಯಿತ್ತು. ಜೇಬಿನಲ್ಲಿ ಎರಡು ಪೆನ್ನಿದ್ದವು. ದೊಡ್ಡ ಸಾಹೇಬರನ್ನು ಕೇಳಿ ಹೇಳುತ್ತೇನೆ ಎಂದೆ. ಕೇಳಲಿಲ್ಲ. ನಾಚಿಕೆಯಾಗಿತ್ತು, ಈಗಲೂ ಆಗುತ್ತದೆ. ಆದರೆ ನಾಚಿಕೆಯಾಗಿದ್ದಕ್ಕೆ ಕೈ ಓಡಲಿಲ್ಲ ಎಂದೇನೂ ಅಲ್ಲ. ಪಟ್ಟಿಯನ್ನು ಆ ದಿನವೇ ಮುಗಿಸಿದೆ.

ಉದ್ಘಾಟನೆಗೆ ವಾರವಿದ್ದಾಗ ಕೂಲಿಯವರ ತಗಡಿನ ಶೆಡ್ಡುಗಳನ್ನು ಕಿತ್ತರು. ಅಂತಿಮ ವರದಿಗೆಂದು ನಾನು ಪೂರ್ವ ಗ್ಯಾಲರಿಯ ಎದುರು ನಿಂತಿದ್ದೆ. ಮೆಟ್ಟಿಲುಗಳಿಗೆ ಬಣ್ಣದ ಕುರ್ಚಿಗಳು ಬಂದಿದ್ದವು. ಅವಳು ತಲೆಯ ಮೇಲೆ ಗಂಟು ಹೊತ್ತು, ಗಂಡನ ಹಿಂದೆ ಗ್ಯಾಲರಿಯ ಕೆಳಗಿನಿಂದ ಗೇಟಿನ ಕಡೆ ಹೊರಟಿದ್ದಳು. ನನ್ನನ್ನು ಕಂಡು ನಿಂತಳು. ಮಾತಾಡಿಸುತ್ತಾಳೆ ಎಂದುಕೊಂಡೆ. ಅವಳ ಕಣ್ಣಿಗೆ ನನ್ನ ಕೈಯಲ್ಲಿದ್ದ ಕ್ಯಾಮೆರಾ ಕಂಡಿತು. ನಾನು ಏನೂ ಹೇಳುವ ಮೊದಲೇ ಅವಳು ಗಂಟಿನ ಸಮೇತ ಕಂಬದ ಹಿಂದೆ ಸರಿದು ನಿಂತಳು.

ನಾನು ಹೊರಗೆ ಬಾ ಎನ್ನಲಿಲ್ಲ. ಫೋಟೋ ಚೆನ್ನಾಗಿ ಬಂದಿತ್ತು, ವರದಿಯ ಜೊತೆ ದೆಹಲಿಗೆ ಕಳಿಸಿದೆ.