ತಲೆಬಾಗಿಲಿಗೆ ಕಟ್ಟಿದ ಇಲಿಬಾಲದ ಕಳ್ಳಿ

ಆಗೆಲ್ಲ ಬನ್ನಿಮಂಟಪದ ನಮ್ಮ ಬೀದಿಯಲ್ಲಿ ಯಾರೂ ದುಡ್ಡು ಕೊಟ್ಟು ಗಿಡ ತರುತ್ತಿರಲಿಲ್ಲ. ಕೇಳಿಯೋ ಕಿತ್ತೋ ತರುತ್ತಿದ್ದರು. ನನಗಂತೂ ಬಿಟ್ಟುಹೋದದ್ದು ಸಿಕ್ಕಿತು. ಎದುರು ಮನೆಯವರು ವರ್ಗವಾಗಿ ಹೊರಟಾಗ ಗೇಟಿನ ಬಳಿ ಒಂದು ಕುಂಡ ಉಳಿದಿತ್ತು. ಅದರಿಂದ ಇಲಿಬಾಲದಂಥ ಉದ್ದುದ್ದ ಕಳ್ಳಿ ಇಳಿಬಿದ್ದಿತ್ತು. ನನಗಾಗ ಹತ್ತು ವರ್ಷ. ಎತ್ತಿಕೊಂಡು ಓಡಿ ಬಂದೆ.

"ಮುಳ್ಳಿನ ಗಿಡ ಮನೇಲಿದ್ರೆ ಜಗಳ ಹತ್ಕೊಳ್ಳುತ್ತೆ ಕಣೇ, ಎಸೆದ್ಬುಡು," ಎಂದರು ಅಜ್ಜಿ, ನನ್ನ ಅಪ್ಪನ ತಾಯಿ.

"ಜಗಳ ಈಗ್ಲೇ ಇದೆಯಲ್ಲಜ್ಜಿ!"

ತಲೆಗೊಂದು ಮೊಟಕು ಬಿತ್ತು, ಗಿಡ ಉಳಿಯಿತು.

ಆದರೆ ಅಜ್ಜಿಯ ಬಾಯಿ ಬೇರೆ, ಕೈ ಬೇರೆ. ಬೈದುಕೊಂಡೇ ದಿನಾ ಅಕ್ಕಿ ತೊಳೆದ ನೀರನ್ನು ಮಲ್ಲಿಗೆ, ಕರಿಬೇವಿನ ಜೊತೆ ನನ್ನ ಕಳ್ಳಿಗೂ ಸುರಿಯುತ್ತಿದ್ದರು. ಬೇಡವೆಂದರೆ, "ಪಾಪ, ಅದಕ್ಕೂ ಬಾಯಾರಲ್ವೇನೇ?" ಮಳೆಗಾಲದಲ್ಲಿ ಬುಡ ಕೊಳೆತು ಹುಳಿ ವಾಸನೆ ಬಂತು. ನಾನು ಅತ್ತದ್ದು ಅಷ್ಟಿಷ್ಟಲ್ಲ.

"ಇದು ಮರದ ಕೊಂಬೆ ಮೇಲೆ ಬೆಳೆಯೋ ಜಾತಿ ಕಣಮ್ಮ. ಮಣ್ಣು ಕಮ್ಮಿ, ನೀರು ಇನ್ನೂ ಕಮ್ಮಿ," ಎಂದರು ನಮ್ಮ ಶಾಲೆಯ ಮಾಲಿ ತಾತ. ಚೆನ್ನಾಗಿದ್ದ ನಾಲ್ಕು ಬಾಲ ಕತ್ತರಿಸಿ, ನೆರಳಲ್ಲಿ ಒಣಗಿಸಿ, ತೆಂಗಿನ ಚಿಪ್ಪಿಗೆ ನಾರು, ಇದ್ದಿಲ ಚೂರು ತುಂಬಿ ನೆಟ್ಟೆ.

ಅಜ್ಜಿಯ ಕೈಯಿಂದ ಇದನ್ನು ಪಾರು ಮಾಡುವುದು ಹೇಗೆ? ಕೊನೆಗೊಂದು ಉಪಾಯ ಹೊಳೆಯಿತು.

"ಅಜ್ಜಿ, ದೃಷ್ಟಿಗೆ ಅಂತ ಎಲ್ರೂ ಬಾಗಿಲಿಗೆ ಕಳ್ಳಿ ಕಟ್ತಾರಲ್ಲ, ನಾವೂ ಕಟ್ಟೋಣ್ವಾ?"

ಅಜ್ಜಿ ತಕ್ಷಣ ಅಪ್ಪನನ್ನು ಸ್ಟೂಲು ಹತ್ತಿಸಿದರು. ದೃಷ್ಟಿಗೆ ಕಟ್ಟಿದ್ದಕ್ಕೆ ಯಾರಾದರೂ ನೀರು ಹಾಕುತ್ತಾರೆಯೇ? ಭಾನುವಾರ ನಾನೊಬ್ಬಳೇ ಕದ್ದು ಚಿಮುಕಿಸುತ್ತಿದ್ದೆ. ಆದರೆ ಅಜ್ಜಿ ಒಂದು ಮಾತು ಹೇಳಿಬಿಟ್ಟಿದ್ದರು: "ಯುಗಾದಿಗೆ ತೋರಣ ಕಟ್ಟೋವಾಗ ಕಿತ್ತು ಎಸೀಬೇಕು."

ಹಬ್ಬ ಹತ್ತಿರ ಬಂದಂತೆ ನಾನು ದಿನ ಎಣಿಸತೊಡಗಿದೆ. ಇನ್ನೆಂಟು ದಿನ ಎನ್ನುವಾಗ ಬಾಲಗಳ ಮೇಲೆ ಕೆಂಪು ಮೊಗ್ಗು! ಹಬ್ಬದ ಬೆಳಿಗ್ಗೆ ಎಣ್ಣೆಸ್ನಾನ ಮುಗಿಸಿ, ಸೀಗೆಪುಡಿಗೆ ಉರಿಯುತ್ತಿದ್ದ ಕಣ್ಣು ಉಜ್ಜಿಕೊಳ್ಳುತ್ತ ಬಂದರೆ, ಅಬ್ಬಬ್ಬಾ, ಬಾಗಿಲ ಮೇಲೆಲ್ಲ ಗಾಢ ಗುಲಾಬಿ ಹೂ. ಒಬ್ಬಟ್ಟು ತಟ್ಟುವುದನ್ನು ಬಿಟ್ಟು ಅಕ್ಕಪಕ್ಕದವರು ನೋಡಲು ಬಂದರು. ಅಷ್ಟರಲ್ಲಿ ಅಪ್ಪ ಮಾವಿನೆಲೆ ಹಿಡಿದು ಸ್ಟೂಲು ಹತ್ತಿದರು. ಅಜ್ಜಿಯ ಅಪ್ಪಣೆಯಂತೆ ಕೈ ಕಳ್ಳಿಯತ್ತ ಹೋಯಿತು.

"ಮುಟ್ಟಿದ್ರೆ ನೋಡು!" ಅಜ್ಜಿ ಗುಡುಗಿದರು. ಆಮೇಲೆ ಬೀದಿಗೆಲ್ಲ ಕೇಳುವಂತೆ, "ನಮ್ಮ ಹುಡುಗಿ ಬೆಳೆಸಿದ್ದು ಕಣ್ರೀ! ನಾನು ನೀರು ಸುರಿದು ಕೊಂದಿದ್ದನ್ನ ಇವಳು ಬದುಕಿಸಿದ್ಲು!"

ನಾನು ಗೆದ್ದಿದ್ದೆ. ಆ ದಿನ ನೆಲದ ಮೇಲೆ ನನ್ನ ಕಾಲು ನಿಲ್ಲಲಿಲ್ಲ.

ಈಗ ಹೂಟಗಳ್ಳಿಯ ನನ್ನ ಮನೆಯ ಬಾಲ್ಕನಿಯಲ್ಲಿ ಅದೇ ಕಳ್ಳಿಯ ಆರು ಬುಟ್ಟಿಗಳು ತೂಗುತ್ತಿವೆ. ಹೂವಿನ ಫೋಟೊ ಹಾಕಿದರೆ ರಾಶಿ ಮೆಚ್ಚುಗೆ ಬರುತ್ತದೆ. ಆದರೆ ತಮ್ಮ ಸೋಲನ್ನು ಬೀದಿಗೆಲ್ಲ ಸಾರಿ ನನ್ನನ್ನು ಗೆಲ್ಲಿಸಿದವರು, ಅಜ್ಜಿಯ ನಂತರ ಒಬ್ಬರೂ ಸಿಗಲಿಲ್ಲ.