ಇಂಗ್ಲಿಷ್ ಬಾರದ ಬೀಜ

ಹಿಮದ ಬೂಟಿನ ಮೇಲೆ ಗೆಜ್ಜೆ ಕಟ್ಟಿಕೊಂಡು ಓಡಾಡುತ್ತಿದ್ದವರನ್ನು ನಾನು ಈ ಜನ್ಮದಲ್ಲಿ ಒಬ್ಬರನ್ನೇ ಕಂಡಿದ್ದೇನೆ. ಗೆಜ್ಜೆ ಎಂದರೆ ನಮ್ಮ ಹಿತ್ತಾಳೆಯದಲ್ಲ. ಯಾವುದೋ ಕಾಡುಕಾಯಿಯ ಒಣಗಿದ ಸಿಪ್ಪೆಗಳನ್ನು ದಾರಕ್ಕೆ ಪೋಣಿಸಿದ್ದು. ಮೊಣಕಾಲವರೆಗಿನ ಕಪ್ಪು ಬೂಟು, ಅದರ ಸುತ್ತ ಆ ಸಿಪ್ಪೆಗಳ ಸರ, ಅಡಿಯಿಂದ ಕರಗಿ ಹರಿಯುವ, ರಸ್ತೆಗೆ ಚೆಲ್ಲಿದ ಉಪ್ಪು ಬೆರೆತ ಹಿಮದ ನೀರು. ಆಕೆ ಕಾರಿಡಾರಿನಲ್ಲಿ ನಡೆದು ಬಂದರೆ ಒಣ ಹುಣಿಸೆಕಾಯಿಯ ಮೂಟೆಯೊಂದು ತಾನೇ ಎದ್ದು ಬರುತ್ತಿದೆಯೇನೋ ಅನ್ನಿಸುತ್ತಿತ್ತು.

ತೊಂಬತ್ತರ ದಶಕದ ನಡುವಿನ ಮಾತು. ಟೊರಾಂಟೋ ಪಕ್ಕದ ಮಾರ್ಕಮ್‌ನ ಶಾಲೆಯೊಂದರಲ್ಲಿ ಶನಿವಾರ ಬೆಳಿಗ್ಗೆ ಮನೆಮಾತಿನ ತರಗತಿಗಳು ನಡೆಯುತ್ತಿದ್ದವು. ಒಂದು ಕೋಣೆಯಲ್ಲಿ ನಾನು ಕನ್ನಡ ಕಲಿಸುತ್ತಿದ್ದೆ. ವಾರವೆಲ್ಲ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದು ನನ್ನ ಉದ್ಯೋಗ. ಶನಿವಾರ ಅದೇ ಕೆಲಸವನ್ನು ಸಂಬಳವಿಲ್ಲದೆ ಮಕ್ಕಳ ಮೇಲೆ ಮಾಡುತ್ತಿದ್ದೆ. ಪಕ್ಕದ ಕೋಣೆಯಲ್ಲಿ ಆಕೆ, ನೈಜೀರಿಯಾದಿಂದ ಬಂದ ಇಗ್ಬೋ ಜನರ ಪುಟ್ಟ ಮಕ್ಕಳಿಗೆ ಇಗ್ಬೋ ಕಲಿಸುತ್ತಿದ್ದರು; ನನ್ನ ಶಿಷ್ಯರ ಬಾಯಲ್ಲಿ 'ಟೀಚರಮ್ಮ'. ನನ್ನ ಕೋಣೆಯಲ್ಲಿ ಕಾಗುಣಿತ. ಗೋಡೆಯಾಚೆ ಹಾಡು, ಡೋಲು, ಮೇಕೆಯ ಕೂಗು. ನನ್ನ ಶಿಷ್ಯರು ನನ್ನ ಮುಖ ನೋಡುತ್ತ ಗೋಡೆಯ ಪಾಠ ಕೇಳುತ್ತಿದ್ದರು.

ಒಂದು ಶನಿವಾರ ನೀರು ಕುಡಿಯಲು ಹೋದ ನನ್ನ ಎಂಟು ವರ್ಷದ ಮಗಳು ವಾಪಸು ಬರಲಿಲ್ಲ. ಹುಡುಕಿಕೊಂಡು ಹೋದರೆ, ಪಕ್ಕದ ಕೋಣೆಯ ನೆಲದ ಮೇಲೆ ಕಂದು ಕಂಬಳಿಯೊಂದರ ಕೆಳಗೆ ನಾಲ್ಕು ಮಕ್ಕಳು ಮುದುಡಿ ಮಲಗಿದ್ದರು. ಹೊರಗೆ ಚಾಚಿದ್ದ ಒಂದು ಕಾಲ್ಚೀಲ ನಮ್ಮ ಮನೆಯದು.

"ಇವಳಿಗೆ ಇಲ್ಲೇನು ಕೆಲಸ?" ಎಂದೆ.

"ಅವಳು ಕೋಲಾ ಬೀಜದ ಒಂದು ಹೋಳು," ಎಂದರು ಆಕೆ, ನನ್ನಷ್ಟೇ ಗಂಭೀರವಾಗಿ. "ಈಗ ಕರ್ಕೊಂಡು ಹೋಗೋಕಾಗಲ್ಲ. ಬೀಜ ಇನ್ನೂ ಒಡೆದಿಲ್ಲ. ಕೂತ್ಕೊಳ್ಳಿ ಮೇಷ್ಟ್ರೇ."

ನಮ್ಮ ಮಾತೆಲ್ಲ ಇಂಗ್ಲಿಷಿನಲ್ಲಿ. 'ಮೇಷ್ಟ್ರೇ' ಎಂಬುದನ್ನು ಮಾತ್ರ ಆಕೆ ಗೋಡೆಯಾಚೆಯ ನನ್ನ ಶಿಷ್ಯರಿಂದ ಕೇಳಿ ಕಲಿತಿದ್ದರು. ಕೂತೆ.

ನಾಟಕ ಶುರುವಾಯಿತು. ಆಮೆಯೊಂದು ದೊಡ್ಡಸ್ತಿಕೆ ತೋರಿಸಲು ಕಂಬಳಿಯ ಮುಂದೆ ನಿಂತು ಇಂಗ್ಲಿಷಿನಲ್ಲಿ ಪ್ರಾರ್ಥನೆ ಮಾಡಿತು. ಕಂಬಳಿ ಅಲುಗಲಿಲ್ಲ. ಆಮೆ ದನಿ ಏರಿಸಿತು. ಕಂಬಳಿ ಗೊರಕೆ ಹೊಡೆಯಿತು. ಆಗ ಹತ್ತಿಯ ಗಡ್ಡ ಅಂಟಿಸಿಕೊಂಡ, ಆರು ವರ್ಷ ವಯಸ್ಸಿನ ಊರ ಹಿರಿಯರೊಬ್ಬರು ಪ್ರವೇಶಿಸಿ, ಎರಡು ಸಲ ಕೆಮ್ಮಿ, ಗಡ್ಡ ನೀವಿಕೊಂಡು, ಇಗ್ಬೋದಲ್ಲಿ ಹಾಡಿನಂಥ ಪ್ರಾರ್ಥನೆಯೊಂದನ್ನು ಆರಂಭಿಸಿದರು. ಸಾಲು ಸಾಲಿಗೂ ಉಳಿದವರು 'ಈಸೇ' ಎಂದರು, ಹಾಗೇ ಆಗಲಿ ಎಂದರ್ಥ. ಕಂಬಳಿ ಹಾರಿತು. ಬೀಜ ನಾಲ್ಕು ಹೋಳಾಗಿ ನಾಲ್ಕು ದಿಕ್ಕಿಗೆ ಉರುಳಿತು. ನನ್ನ ಪಾಲಿನ ಹೋಳು ಬಂದು ನನ್ನ ಕಾಲಿಗೇ ತಾಗಿತು.

ಆಮೇಲೆ ಆಕೆ ವಿವರಿಸಿದರು. ಮನೆಗೆ ಬಂದವರಿಗೆ ನಾವು ಎಲೆ ಅಡಿಕೆ ಕೊಡುವಂತೆ ಅವರಲ್ಲಿ ಕೋಲಾ ಬೀಜ. ಮದುವೆಯಿರಲಿ ಸಾವಿರಲಿ, ಅದು ಒಡೆಯದೆ ಯಾವುದೂ ಮುಂದುವರಿಯುವುದಿಲ್ಲ. ಒಡೆಯುವ ಮುಂಚೆ ಮನೆಯ ಹಿರಿಯ ಗಂಡಸು ಪ್ರಾರ್ಥಿಸಬೇಕು, ಅದೂ ಇಗ್ಬೋದಲ್ಲೇ.

"ಯಾಕೆ?"

"ಯಾಕೆಂದರೆ ಬೀಜಕ್ಕೆ ಇಂಗ್ಲಿಷ್ ಬರಲ್ಲ." ಕಂಬಳಿ ಮಡಚುತ್ತ, "ನಿಮ್ಮ ಮನೇಲಿ ಇಂಗ್ಲಿಷ್ ಬರದೇ ಇರೋದು ಏನಿದೆ ಮೇಷ್ಟ್ರೇ?" ಎಂದರು.

ಈ ಪ್ರಶ್ನೆ ನನ್ನನ್ನು ಬಹಳ ಕಾಲ ಕಾಡಿತು. ವಿಧಿವತ್ತಾಗಿ ತನಿಖೆ ಕೈಗೊಂಡೆ. ದೇವರನ್ನು ಮೊದಲಿಗೇ ಕೈಬಿಡಬೇಕಾಯಿತು; ಪುರೋಹಿತರು ಸಂಕಲ್ಪವನ್ನೂ ಇಂಗ್ಲಿಷಿನಲ್ಲೇ ಬಿಡಿಸಿ ಹೇಳುತ್ತಿದ್ದರು, ದೇವರು ಆಕ್ಷೇಪಿಸಿದಂತೆ ಕಾಣಲಿಲ್ಲ. ಆರು ತಿಂಗಳಿಗೆಂದು ಬಂದ ನನ್ನ ತಾಯಿ ಮೊಮ್ಮಗಳ ಸಲುವಾಗಿ "ಕಮ್ ಕಮ್, ಈಟ್ ಮಾಡು" ಎನ್ನಲು ಕಲಿತರು. ಮನೆಯಲ್ಲಿ ಕನ್ನಡವಿಲ್ಲದೆ ನಡೆಯದ ಕೆಲಸ ಒಂದೂ ಇರಲಿಲ್ಲ. ಮಗಳು ಅದನ್ನು ನನಗಿಂತ ಮೊದಲೇ ಕಂಡುಕೊಂಡಿದ್ದಳು. ನಾನು ಕನ್ನಡದಲ್ಲಿ ಕೇಳುತ್ತಿದ್ದೆ, ಅವಳು ಇಂಗ್ಲಿಷಿನಲ್ಲಿ ಉತ್ತರಿಸುತ್ತಿದ್ದಳು. ಎಂದಾದರೂ ಕನ್ನಡ ಆಡಿದರೆ ನಾನು ತಿದ್ದುತ್ತಿದ್ದೆ, ಅಲ್ಲಿಗೆ ಮಾತು ಮುಗಿಯುತ್ತಿತ್ತು.

ಆಕೆ ಯಾರನ್ನೂ ತಿದ್ದುತ್ತಿರಲಿಲ್ಲ. ಕಾರಣ ಕೇಳಿದ್ದಕ್ಕೆ, "ನಾನು ತಿದ್ದೋಕೆ ಹೋದ್ರೆ ಹಾಡು ನಿಂತುಹೋಗತ್ತೆ, ಹಾಡು ನಿಂತ್ರೆ ಮಕ್ಕಳು ಮನೆಗೆ ಹೊರಡ್ತಾರೆ. ತಪ್ಪು ಎಲ್ಲಿಗೂ ಹೋಗಲ್ಲ, ಮುಂದಿನ ವಾರವೂ ಸಿಗತ್ತೆ," ಎಂದರು.

ಇಗ್ಬೋ ಬಾರದ ತಂದೆತಾಯಂದಿರಿಗೆ ಆಕೆಯ ನಾಟಕದಲ್ಲಿ ಪ್ರಾಣಿಗಳ ಪಾತ್ರ. ಖಾಯಂ ಮೇಕೆ ಆಕೆಯ ಸ್ವಂತ ಮಗ. ಹತ್ತಿರದ ಬೋಲ್ಟನ್ ಊರಿನಲ್ಲಿ ಮನೆ, ಅಲ್ಲಿನ ಗೋದಾಮಿನಲ್ಲಿ ಕೆಲಸ, ಆರಡಿ ಮೇಲಿನ ಆಳು. ತಾಯಿಯನ್ನೂ, ಹತ್ತಿಗಡ್ಡದ ಹಿರಿಯರಾಗುತ್ತಿದ್ದ ತನ್ನ ಮಗನನ್ನೂ ಕಾರಿನಲ್ಲಿ ಕರೆತಂದು, ಶಿಫ್ಟಿನ ಬೂಟಿನಲ್ಲೇ ನಾಲ್ಕು ಕಾಲಾಗಿ ಹಿರಿಯರ ಪಕ್ಕದಲ್ಲಿ ಕೂರುತ್ತಿದ್ದ. ಅವನ ಸಂಭಾಷಣೆ 'ಮ್ಯಾ' ಎಂಬುದೊಂದೇ. ಅದನ್ನೂ ಆಕೆ ಒಮ್ಮೆ ಟೀಕಿಸಿದ್ದುಂಟು: "ಇದು ಟೊರಾಂಟೋದ ಮೇಕೆ. ನಮ್ಮೂರ ಮೇಕೆ ಹೀಗೆ ಸಂಕೋಚಪಡಲ್ಲ."

"ಮೂವತ್ತಾರು ವರ್ಷಕ್ಕೆ ಮೇಕೆ ಮಾಡಿದ್ದೀಯಲ್ಲಮ್ಮ, ಇನ್ನೇನು ಬೇಕು?" ಎಂದ ಆತ.

ಈ ಹಾಸ್ಯದ ಕೆಳಗೆ ಇದ್ದದ್ದನ್ನು ಆಕೆ ಒಂದು ಸಲ ಮಾತ್ರ ಹೇಳಿದರು. ಹೊರಗೆ ಹಿಮ ಬೀಳುತ್ತಿತ್ತು, ಮಗ ಕಾರಿನ ಗಾಜಿನ ಮೇಲಿನ ಹಿಮ ಕೆರೆಯುತ್ತಿದ್ದ. ಆಕೆಯ ಗಂಡ ತೀರಿಕೊಂಡಾಗ ಮನೆ ತುಂಬ ಜನ. ಬೀಜದ ತಟ್ಟೆ ಮಗನ ಮುಂದೆ ಬಂತು. ಆತನಿಗೆ ಇಗ್ಬೋ ಬರುತ್ತಿರಲಿಲ್ಲ; ಇಂಗ್ಲಿಷಿನಲ್ಲಿ ಶುರುಮಾಡಿದ. ಹಿರಿಯರು ತಲೆತಗ್ಗಿಸಿ ಕೂತರು, ಯಾರೂ 'ಈಸೇ' ಎನ್ನಲಿಲ್ಲ. ಕೊನೆಗೆ ಬೇರೆ ಮನೆಯವರೊಬ್ಬರು ತಟ್ಟೆ ತೆಗೆದುಕೊಂಡು ಕಾರ್ಯ ಮುಗಿಸಿದರು. "ಚಿಕ್ಕಂದಿನಲ್ಲಿ ಅವನ ಜೊತೆ ಇಂಗ್ಲಿಷ್ ಆಡಿದ್ದು ನಾನೇ. ಮುಂದೆ ಬರಲಿ ಅಂತ," ಎಂದರು. "ನನ್ನ ಸರದಿ ಬಂದಾಗ ನನ್ನ ಬೀಜ ಹೊರಗಿನವರು ಒಡೆಯಬಾರದು ಮೇಷ್ಟ್ರೇ. ಅವನಿಗೆ ಪಾಠ ಹೇಳಿದರೆ ನಾಚಿಕೊಳ್ತಾನೆ. ಅದಕ್ಕೇ ಮೊಮ್ಮಗನಿಗೆ ಹೇಳ್ತೀನಿ. ಮೇಕೆ ಪಕ್ಕದಲ್ಲೇ ಇರತ್ತಲ್ಲ."

ಮೇಕೆಗೆ ಏನಾದರೂ ಕೇಳಿಸಿತೋ ಇಲ್ಲವೋ ಎಂದು ನನಗೆ ವಿಪರೀತ ಕುತೂಹಲವಿತ್ತು. ಕೇಳುವ ಧೈರ್ಯವಾಗಲಿಲ್ಲ. ವರ್ಷಗಳು ಕಳೆದವು. ಮಕ್ಕಳು ಬೆಳೆದರು, ನಮ್ಮಿಬ್ಬರ ತರಗತಿಗಳೂ ನಿಂತವು. ಎರಡು ಸಾವಿರದ ಹತ್ತು ಸಮೀಪಿಸುತ್ತಿದ್ದಾಗ ಒಂದು ದಿನ ಅವರ ಮಗ ಫೋನ್ ಮಾಡಿದ. ಟೀಚರಮ್ಮ ಹೋಗಿಬಿಟ್ಟಿದ್ದರು.

ಬೋಲ್ಟನ್ನಿನ ಅವರ ಮನೆಯಲ್ಲಿ ನಾನು ಬಾಗಿಲ ಬಳಿ ನಿಂತಿದ್ದೆ. ತಟ್ಟೆ ಬಂತು. ಮಗ ಅದನ್ನೇ ನೋಡುತ್ತ ಕೂತ. ಹಿಂದೆ ಕಾರ್ಯ ಮುಗಿಸಿದ್ದ ಹಿರಿಯರೇ ಇರಬೇಕು, ಕುರ್ಚಿಯಿಂದ ಅರ್ಧ ಎದ್ದರು. ಆಗ ಆತ ಕೆಮ್ಮಿದ. ಮತ್ತೊಮ್ಮೆ ಕೆಮ್ಮಿದ. ನುಣ್ಣಗೆ ಕ್ಷೌರ ಮಾಡಿದ್ದ ಗಲ್ಲದ ಕೆಳಗೆ ಇಲ್ಲದ ಗಡ್ಡವನ್ನು ನೀವಿಕೊಂಡ.

ಪ್ರಾರ್ಥನೆ ಬಂತು, ಮಕ್ಕಳ ಅದೇ ರಾಗದಲ್ಲಿ. ಕೆಮ್ಮು, ಗಡ್ಡ ಎಲ್ಲವೂ ಪ್ರಾರ್ಥನೆಯ ಭಾಗವೆಂದೇ ಆತ ನಂಬಿದ್ದನೆಂದು ಕಾಣುತ್ತದೆ, ಒಂದನ್ನೂ ಬಿಡಲಿಲ್ಲ. ಯಾರೋ ಹೆಂಗಸು ನಗಲು ಹೋಗಿ ಅತ್ತರು. ಎದ್ದಿದ್ದ ಹಿರಿಯರು ಕೂತು ಎಲ್ಲರಿಗಿಂತ ಜೋರಾಗಿ 'ಈಸೇ' ಎಂದರು. ಎರಡನೆಯ ಸಾಲಿಗೆ ನಾನೂ ಎಂದೆ.

ಹೊರಡುವಾಗ ಆತ ಒಂದು ಇಡೀ ಬೀಜವನ್ನು ನನ್ನ ಕೈಗಿಟ್ಟು, "ಮನೆಗೆ ತಗೊಂಡು ಹೋಗಿ. ಅಮ್ಮ ಹೇಳಿದ್ದರು," ಎಂದ.

ಹೀಗೆ ನಮ್ಮ ಮನೆಗೆ ಇಂಗ್ಲಿಷ್ ಬಾರದ ವಸ್ತುವೊಂದು ಕೊನೆಗೂ ಬಂದು ಸೇರಿತು. ಕಾಲೇಜಿನಿಂದ ಬಂದ ಮಗಳು ಅದನ್ನು ಅಂಗೈಯಲ್ಲಿ ಇಟ್ಟುಕೊಂಡು ಅಡುಗೆಮನೆಯ ಬೆಳಕಿನಲ್ಲಿ ಹೊರಳಿಸಿ ನೋಡಿದಳು. ಆಮೇಲೆ, "ಅಪ್ಪಾ, ಇದಕ್ಕೆ ಕನ್ನಡ ಬರತ್ತಾ?" ಎಂದಳು.

"ಕೇಳಿ ನೋಡು," ಎಂದೆ.

ಬೀಜವನ್ನು ಮುಖದ ಹತ್ತಿರ ಹಿಡಿದು, ಟೀಚರಮ್ಮನ ಬಗ್ಗೆ ಏನೇನೋ ಕೇಳಿದಳು, ಹೇಳಿದಳು. ಕನ್ನಡದಲ್ಲೇ. ನಾಲ್ಕೈದು ಕಡೆ ತಪ್ಪಿದಳು. ನಾನು ತಿದ್ದಲಿಲ್ಲ.