ಭಂಡಾರದಡಿಯ ಗುರುತು

ಮೊನ್ನೆ ಮುಧೋಳದಲ್ಲಿ ಸ್ಕ್ಯಾನಿಂಗ್ ಮಾಡಿಸಲು ಮಲಗಿದ್ದೆ. ಎದೆಯ ಮೇಲೆ ಆ ತಣ್ಣನೆಯ ಲೋಳೆ ಬಿದ್ದದ್ದೇ ತಡ, ಹಾಲಿನ ಅತ್ತಿ ನೆನಪಾದಳು. "ಆರಿದ ಗಂಜಿ ಸುರುವಿದಂಗ ಆತು ನೋಡವಾ," ಎಂದು ಅವಳು ಇದೇ ಲೋಳೆಯ ಬಗ್ಗೆ ಹೇಳಿದ್ದಳು...

ಬೀಳಗಿ ಕಡೆಯ ಅವಳ ಊರು ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದ ಮೇಲೆ ಎಮ್ಮೆ ಹೊಡೆದುಕೊಂಡು ಜಮಖಂಡಿಯ ನಮ್ಮ ಓಣಿಗೆ ಬಂದು ಹಾಲು ಮಾರುತ್ತಿದ್ದವಳು. ಅತ್ತಿ ಎಂಬುದು ಬರೀ ಕರೆಯುವ ಮಾತು, ಸಂಬಂಧವೇನೂ ಇರಲಿಲ್ಲ. ಬಾಯಿ ಜೋರು. ಹಾಲು ತೆಳ್ಳಗಿದೆ ಎಂದು ಯಾರಾದರೂ ತಕರಾರು ತೆಗೆದರೆ, "ನೀರು ನನ್ನ ಊರ ನುಂಗೇತಿ. ಅದನ್ನ ಹಾಲಿಗಿ ಬ್ಯಾರೆ ಹಾಕಲ್ಯಾ?" ಎಂದು ಬಾಯಿ ಮುಚ್ಚಿಸುತ್ತಿದ್ದಳು.

ನನ್ನ ಮಗ ಹುಟ್ಟಿದಾಗ ನನಗೆ ವಿಪರೀತ ಜ್ವರ. ಅವಳ ಕಿರಿಯ ಮಗಳು ಇನ್ನೂ ಎದೆಹಾಲು ಬಿಟ್ಟಿರಲಿಲ್ಲ. ಯಾರೂ ಕೇಳದೆಯೇ ಬಂದು, ನನ್ನ ಕೂಸನ್ನು ಎತ್ತಿಕೊಂಡು, ಗೋಡೆಯ ಕಡೆ ತಿರುಗಿ ಕುಳಿತು ಮೊಲೆಯೂಡಿಸಿದಳು. ನಾನು ಏಳುವವರೆಗೂ ದಿನಾ ಬಂದಳು. ಆ ಋಣ ತೀರಿಸುವಂಥದ್ದಲ್ಲ.

ಕೆಲವು ವರ್ಷಗಳ ನಂತರ ಆ ಎದೆಯಲ್ಲೇ ಗಂಟು ಬಂತು. ಕ್ಯಾನ್ಸರ್ ಅಂದರು. ಬಾಗಲಕೋಟೆಯ ದವಾಖಾನೆಗೆ ನಾನೇ ಜೊತೆಗೆ ಹೋಗುತ್ತಿದ್ದೆ. ಅತ್ತಿಯದು ಒಂದೇ ಹಟ. "ಗಂಟ ತಗೀರಿ, ಮಲಿ ಬಿಡ್ರಿ. ಮನಿ ಹೋತು, ಹೊಲ ಹೋತು. ಮೈಯಾಗಿಂದರ ಇರ್ಲಿ." ಡಾಕ್ಟರು ಒಪ್ಪಿ, ಮೊದಲು ಔಷಧಿ ಏರಿಸಿ ಗಂಟನ್ನು ಕರಗಿಸಿದರು. ಅದು ಎಷ್ಟು ಸಣ್ಣದಾಯಿತೆಂದರೆ ಕೈಗೇ ಸಿಗದಾಯಿತು. ಹಾಗಾಗಿ ಆಪರೇಷನ್ನಿನ ಹಿಂದಿನ ದಿನ ಸ್ಕ್ಯಾನಿಂಗ್‌ನಲ್ಲಿ ನೋಡಿ, ಗಂಟಿದ್ದ ಕಡೆ ಚರ್ಮದ ಮೇಲೆ ಮಸಿಯಿಂದ ಗುರುತು ಹಾಕಿ, ಒರೆಸಬೇಡ ಎಂದು ಹೇಳಿ ವಾರ್ಡಿಗೆ ಕಳಿಸಿದರು.

ಬೆಳಗ್ಗೆ ನಾನು ಚಹಾ ತರುವುದರೊಳಗೆ ಅತ್ತಿ ಸ್ನಾನ ಮುಗಿಸಿ, ಬೀರಪ್ಪನ ಭಂಡಾರವನ್ನು ಎದೆಯ ತುಂಬ ತಿಕ್ಕಿಕೊಂಡಿದ್ದಳು. ದೇವರ ಅರಿಶಿನ ಹಚ್ಚದೆ ಅವರ ಮನೆಯಲ್ಲಿ ಯಾವ ಕೆಲಸವೂ ಶುರುವಾಗುತ್ತಿರಲಿಲ್ಲ. ಮಸಿ ಪೂರ್ತಿ ಹೋಗಿತ್ತು.

ಡಾಕ್ಟರಿಗೆ ಸಿಟ್ಟು ನೆತ್ತಿಗೇರಿತು. "ಕಾಣದ್ದನ್ನ ಹೆಂಗ ಕೊಯ್ಲಿ? ಪೂರಾ ತಗದ ಬಿಡೂಣು." ಅತ್ತಿ ಎರಡೂ ಕೈಯನ್ನು ಎದೆಗೆ ಒತ್ತಿ ಹಿಡಿದಳು. ನನಗೆ ಅಳು ಬಂತು. ಆಗ ಸ್ಕ್ಯಾನಿಂಗ್ ಮಾಡಿದ್ದ ಡಾಕ್ಟರಮ್ಮ ಮೆಲ್ಲಗೆ ಅಂದರು, "ಮಶೀನ್ ಆಪರೇಷನ್ ಖೋಲಿಗೇ ತರ್ತೇನ್ರಿ. ನೋಡಕೋತ ಕೊಯ್ರಿ."

ನಾನು ಹೊರಗೆ ಕುಳಿತೆ. ಒಳಗೆ ಕೊಯ್ಯುವಾಗಲೂ ಪರದೆಯ ಮೇಲೆ ಗಂಟನ್ನೇ ನೋಡುತ್ತಿದ್ದರಂತೆ. ತೆಗೆದ ಚೂರನ್ನೂ ಸ್ಕ್ಯಾನ್ ಮಾಡಿ, ಸುತ್ತ ಒಳ್ಳೆಯ ಮಾಂಸದ ಅಂಚು ಇದೆಯೇ ಎಂದು ನೋಡಿದರಂತೆ. ಎಚ್ಚರಾದ ಕೂಡಲೇ ಅತ್ತಿಯ ಕೈ ಎದೆಗೆ ಹೋಯಿತು.

"ಐತೇನವಾ?"

"ಐತಿ," ಅಂದೆ.

"ಬೀರಪ್ಪಗ ಗೊತ್ತಿತ್ತು," ಎಂದು ಕಣ್ಣು ಮುಚ್ಚಿದಳು. ಇದನ್ನು ಡಾಕ್ಟರಿಗೆ ಹೇಳುವ ಧೈರ್ಯ ನನಗಾಗಲಿಲ್ಲ.

ಮತ್ತೆ ಕೆಲವು ವರ್ಷ ಹಾಲು ಹಾಕಿದಳು, ಓಣಿಯವರೊಡನೆಲ್ಲ ಜಗಳವಾಡಿದಳು. ಆಮೇಲೆ ರೋಗ ಎಲುಬಿಗೆ ಇಳಿಯಿತು... ಮಣ್ಣಿಗೆ ಒಯ್ಯುವ ಮೊದಲು ಹೆಂಗಸರೆಲ್ಲ ಸೇರಿ ಮೈ ತೊಳೆದೆವು. ಎದೆಯ ಮೇಲೆ ಬೆರಳುದ್ದದ ಒಂದು ಗೆರೆ, ಅಷ್ಟೇ. ಹಟ ಹಿಡಿದು ಉಳಿಸಿಕೊಂಡದ್ದನ್ನು ಜೊತೆಗೇ ಒಯ್ದಳು.

ಮೊನ್ನೆ ನನ್ನ ಎದೆಯಲ್ಲಿ ಏನೂ ಕಾಣಲಿಲ್ಲ. ಸಣ್ಣ ವಯಸ್ಸಿನ ಡಾಕ್ಟರ್ ಹುಡುಗಿ ಬರೆದುಕೊಳ್ಳುತ್ತಾ ಕೇಳಿದಳು, "ನಿಮ್ಮ ಮನ್ಯಾಗ ಯಾರಿಗರ ಎದಿ ಕ್ಯಾನ್ಸರ್ ಆಗಿತ್ತೇನ್ರಿ?" ಅವಳು ಕೇಳಿದ್ದು ರಕ್ತಸಂಬಂಧದವರ ಬಗ್ಗೆ.

"ಇಲ್ರಿ," ಅಂದೆ.

ಅವಳ ಕಾಗದಕ್ಕೆ ಅದು ಸರಿಯಾದ ಉತ್ತರವೇ. ಆದರೆ ಬಸ್ಸಿನಲ್ಲಿ ಜಮಖಂಡಿಗೆ ಬರುವಾಗ, ಇಷ್ಟು ದೊಡ್ಡ ಸುಳ್ಳನ್ನು ಎಂದೂ ಹೇಳಿರಲಿಲ್ಲ ಅನ್ನಿಸಿ ಅಳು ತಡೆಯಲಾಗಲಿಲ್ಲ.